ಫೈನಲ್‌ನಿಂದ ಹಿಂದಕ್ಕೆ: ವಿಮೆನ್ಸ್ ಎಫ್‌ಎ ಕಪ್‌ನ ಒಂದು ಸೀಸನ್ ದಾಖಲಿಸುವ ಬಗೆ

ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್‌ನ ನಾಕೌಟ್ ಸ್ಪರ್ಧೆಯಾದ ವಿಮೆನ್ಸ್ ಎಫ್‌ಎ ಕಪ್‌ನ ಫಲಿತಾಂಶ ಜೋಡಿಸಲು ಕೂತವರು ಸಾಮಾನ್ಯವಾಗಿ ಅರ್ಹತಾ ಸುತ್ತಿನಿಂದ ಶುರುಮಾಡಿ, ಡಿಸೆಂಬರ್ ಹೊತ್ತಿಗೆ ಸುಸ್ತಾಗಿ ಕೈಬಿಡುತ್ತಾರೆ. ನಾನು ಫೈನಲ್‌ನಿಂದ ಹಿಂದಕ್ಕೆ ಬರುತ್ತೇನೆ. ಹಾಗೆ ಮಾಡಿದರೆ ಪಂದ್ಯಕ್ಕೊಂದು ಸಾಲಿನಂತೆ ಯಾವ ಸುತ್ತಿನಲ್ಲಿ ಎಷ್ಟು ಸಾಲು ಇರಲೇಬೇಕು ಎಂಬುದು ಮೊದಲೇ ತಿಳಿದಿರುತ್ತದೆ. ಒಂದು ಸಾಲು ಬಿಟ್ಟುಹೋದರೂ ಲೆಕ್ಕವೇ ಹೇಳಿಬಿಡುತ್ತದೆ.

ನಾಕೌಟ್‌ನ ಲೆಕ್ಕ ಸುಲಭ. ಪ್ರತಿ ಪಂದ್ಯಕ್ಕೆ ಒಂದು ತಂಡ ಮನೆಗೆ, ಕೊನೆಗೆ ಉಳಿಯುವುದು ಒಂದೇ. ಹಾಗಾಗಿ ಒಟ್ಟು ಪಂದ್ಯಗಳು ಒಟ್ಟು ತಂಡಗಳಿಗಿಂತ ಒಂದು ಕಡಿಮೆ. 2022–23ನ್ನೇ ತೆಗೆದುಕೊಳ್ಳಿ. ಮೊದಲ ದರ್ಜೆಯ ಸೂಪರ್ ಲೀಗ್‌ನ 12 ಕ್ಲಬ್‌ಗಳು ಕಾಲಿಟ್ಟಿದ್ದು ನಾಲ್ಕನೇ ಸುತ್ತಿನಲ್ಲಿ, ಅದರ ಕೆಳಗಿನ ಚಾಂಪಿಯನ್‌ಶಿಪ್‌ನ 12 ಕ್ಲಬ್‌ಗಳು ಮೂರನೇ ಸುತ್ತಿನಲ್ಲಿ. ನಾಲ್ಕನೇ ಸುತ್ತಿಗೆ 32 ತಂಡ ಬೇಕು. ಅದರಲ್ಲಿ 12 ಕಳೆದರೆ 20 ತಂಡ ಮೂರನೇ ಸುತ್ತಿನಿಂದ ಬರಬೇಕು, ಅಂದರೆ ಅಲ್ಲಿ 20 ಪಂದ್ಯ, 40 ತಂಡ. ಚಾಂಪಿಯನ್‌ಶಿಪ್‌ನ 12 ಬಿಟ್ಟರೆ 28 ತಂಡ ಎರಡನೇ ಸುತ್ತು ಗೆದ್ದು ಬಂದವು. ಮೂರನೇ ಸುತ್ತಿನಿಂದ ಫೈನಲ್‌ವರೆಗೆ 20, 16, 8, 4, 2, 1 ಸೇರಿದರೆ 51 ಪಂದ್ಯ, ತಂಡಗಳು 52. ಇಷ್ಟು ತಾಳೆಯಾದ ಮೇಲೆ ಒಂದೊಂದೇ ಸುತ್ತು ಕೆಳಗಿಳಿಯುತ್ತೇನೆ. ಯಾವ ಲೀಗ್‌ನ ತಂಡ ಯಾವ ಸುತ್ತಿನಲ್ಲಿ ಸೇರುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಆದ್ದರಿಂದ ಆಯಾ ವರ್ಷದ ನಿಯಮಾವಳಿ ನೋಡದೆ ಹಿಂದಿನ ವರ್ಷದ ಚೌಕಟ್ಟನ್ನು ನಕಲು ಮಾಡಬಾರದು.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಶರತ್ಕಾಲದ ಅರ್ಹತಾ ಸುತ್ತುಗಳಲ್ಲಿ. ಅಲ್ಲಿ ಆಡುವವು ಹವ್ಯಾಸಿ ತಂಡಗಳು. ಪಂದ್ಯದ ವಾರದಲ್ಲಿ ಹನ್ನೊಂದು ಜನ ಸಿಗದೆ ಹಿಂದೆ ಸರಿಯುವುದು ಮಾಮೂಲು. ಆಗ ಎದುರಾಳಿಗೆ ವಾಕ್‌ಓವರ್. ಇದಕ್ಕೂ ಒಂದು ಸಾಲು ಬೇಕೇ ಬೇಕು, ಆದರೆ ಗೋಲಿನ ಕಾಲಂ ಖಾಲಿ ಬಿಡಬೇಕು. 3–0 ಎಂದು ತುಂಬುವ ಅಭ್ಯಾಸ ಕೆಲವರಿಗಿದೆ. ಹಾಗೆ ತುಂಬಿದರೆ ಯಾರೂ ಹೊಡೆಯದ ಮೂರು ಗೋಲು ಸೀಸನ್‌ನ ಮೊತ್ತಕ್ಕೆ ಸೇರಿ, ಹೊಡೆದವರ ಪಟ್ಟಿಯೊಂದಿಗೆ ಎಂದೂ ತಾಳೆಯಾಗುವುದಿಲ್ಲ. ಬೈ (ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ) ಸಿಕ್ಕ ತಂಡದ ಕಥೆ ಬೇರೆ. ಅದಕ್ಕೆ ಎದುರಾಳಿಯೇ ಇಲ್ಲ, ಯಾರೂ ಹೊರಬಿದ್ದಿಲ್ಲ, ಆದ್ದರಿಂದ ಪಂದ್ಯದ ಸಾಲು ಬೇಡ. ಸುತ್ತಿನ ಅಡಿಯಲ್ಲಿ ಟಿಪ್ಪಣಿ ಸಾಕು.

ನಿಜವಾದ ಪೀಡೆ ಎಂದರೆ ಎರಡೂ ತಂಡ ಹಿಂದೆ ಸರಿದಾಗ. ಒಂದೇ ಸಾಲಿನಲ್ಲಿ ಎರಡು ತಂಡ ಹೊರಬೀಳುತ್ತವೆ, ಮುಂದಿನ ಸುತ್ತಿನಲ್ಲಿ ಅವುಗಳ ಗೆದ್ದವರಿಗಾಗಿ ಕಾಯುತ್ತಿದ್ದ ತಂಡಕ್ಕೆ ಎದುರಾಳಿ ಇರುವುದಿಲ್ಲ. ಆ ತಂಡದ ಮುನ್ನಡೆಯನ್ನು ಬೈ ಎಂದು ಟಿಪ್ಪಣಿಗೆ ಹಾಕಿದರೆ ಒಟ್ಟು ಸಾಲು ಒಂದು ಕಡಿಮೆಯಾಗುತ್ತದೆ. ಎದುರಾಳಿಯ ಜಾಗ ಖಾಲಿ ಬಿಟ್ಟು ಒಂದು ಸಾಲು ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ನಾನು ಎರಡನೆಯದನ್ನೇ ಮಾಡುತ್ತೇನೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಆದರೆ ತಂಡಗಳಿಗಿಂತ ಒಂದು ಕಡಿಮೆ ಎಂಬ ಸೂತ್ರ ಮುರಿಯುವುದಿಲ್ಲ.

ಮಳೆಗೆ ಮೈದಾನ ಕೆಸರಾದರೆ ದಿನಾಂಕ ಮುಂದೂಡುವ ಬದಲು ಪಂದ್ಯವನ್ನೇ ಎದುರಾಳಿಯ ಮೈದಾನಕ್ಕೆ ಒಯ್ಯುವುದೂ ಉಂಟು. ಡ್ರಾದಲ್ಲಿ, ಅಂದರೆ ಯಾರಿಗೆ ಯಾರು ಎದುರಾಳಿ ಎಂದು ಎತ್ತುವ ಚೀಟಿಯಲ್ಲಿ, ಮೊದಲು ಬಂದ ಹೆಸರು ತವರಿನ ತಂಡ. ಮೈದಾನ ಬದಲಾದರೆ ಆಡಿದ್ದು ಮಾತ್ರ ಉಲ್ಟಾ. ಡ್ರಾ ಪಟ್ಟಿ ನೋಡಿ ಒಬ್ಬರು, ಕ್ಲಬ್‌ನ ವರದಿ ನೋಡಿ ಇನ್ನೊಬ್ಬರು ಬರೆದರೆ ಒಂದೇ ಪಂದ್ಯ ಎರಡು ಸಾಲಾಗುತ್ತದೆ. ಆಡಿದ ಕ್ರಮವನ್ನೇ ಬರೆದು, ‘ಮೈದಾನ ಅದಲುಬದಲು’ ಎಂದು ಪಕ್ಕದ ಕಾಲಂನಲ್ಲಿ ಗುರುತು ಹಾಕಿ.

ಸ್ಪ್ರೆಡ್‌ಶೀಟ್ ಬಗ್ಗೆ ಒಂದು ಮಾತು. ಸ್ಕೋರನ್ನು ಒಂದೇ ಕೋಶದಲ್ಲಿ 2-1 ಎಂದು ಒತ್ತಿದರೆ ಅದು ದಿನಾಂಕವಾಗಿ ಕೂರುತ್ತದೆ. ನೂರಾರು ಸಾಲು ತುಂಬಿದ ಮೇಲೆ ಕಂಡರೆ ಸರಿಪಡಿಸುವುದು ಶಿಕ್ಷೆ. ತವರಿನ ಗೋಲು ಒಂದು ಕಾಲಂ, ಅತಿಥಿ ಗೋಲು ಇನ್ನೊಂದು. 90 ನಿಮಿಷದ ಅಂತ್ಯಕ್ಕೆ ಒಂದು ಜೋಡಿ, ಹೆಚ್ಚುವರಿ ಸಮಯದ ನಂತರ ಒಂದು ಜೋಡಿ, ಪೆನಾಲ್ಟಿ ಶೂಟೌಟ್‌ಗೆ ಮತ್ತೊಂದು ಜೋಡಿ: ಒಟ್ಟು ಆರು ಕಾಲಂ. 2022ರ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. 90 ನಿಮಿಷಕ್ಕೆ ಚೆಲ್ಸಿ 2, ಮ್ಯಾಂಚೆಸ್ಟರ್ ಸಿಟಿ 2. ಹೆಚ್ಚುವರಿ ಸಮಯದಲ್ಲಿ ಸ್ಯಾಮ್ ಕೆರ್ ಗೋಲಿನಿಂದ 3–2. ಬರೀ 3–2 ಎಂದು ಬರೆದರೆ 120 ನಿಮಿಷ ಆಡಿದ್ದು ಕಾಣುವುದೇ ಇಲ್ಲ. 2012ರ ಫೈನಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ಮತ್ತು ಚೆಲ್ಸಿ 2–2ಕ್ಕೆ ನಿಂತು, ಶೂಟೌಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ 3–2ರಿಂದ ಗೆದ್ದಿತು. ಅಲ್ಲಿ ಸೀಸನ್‌ನ ಗೋಲು ಮೊತ್ತಕ್ಕೆ ಸೇರುವುದು ನಾಲ್ಕು ಮಾತ್ರ, ಶೂಟೌಟ್‌ನ ಐದು ಸೇರುವುದಿಲ್ಲ. ಸಮಬಲವಾದರೆ ಹೆಚ್ಚುವರಿ ಸಮಯವೋ ನೇರ ಪೆನಾಲ್ಟಿಯೋ ಎಂಬುದನ್ನು ಆ ಸೀಸನ್‌ನ, ಆ ಸುತ್ತಿನ ನಿಯಮ ನೋಡಿಯೇ ತೀರ್ಮಾನಿಸಬೇಕು. ನೇರ ಪೆನಾಲ್ಟಿಗೆ ಹೋಗಿದ್ದರೆ ನಡುವಿನ ಜೋಡಿ ಖಾಲಿ.

ಗೋಲಿನ ನಿಮಿಷಕ್ಕೂ ಎರಡು ಕಾಲಂ ಬೇಕು, 45 ಒಂದರಲ್ಲಿ, +2 ಇನ್ನೊಂದರಲ್ಲಿ. ಇಲ್ಲದಿದ್ದರೆ ವಿಂಗಡಿಸಿದಾಗ ಇಂಜುರಿ ಟೈಮ್‌ನ ಗೋಲುಗಳು ಎಲ್ಲೋ ಹೋಗಿ ಬೀಳುತ್ತವೆ. ವರದಿಗಳ ನಡುವೆ ಒಂದು ನಿಮಿಷದ ವ್ಯತ್ಯಾಸ ಕಂಡರೆ ಗಾಬರಿ ಬೇಡ: ಗಡಿಯಾರದಲ್ಲಿ 67:10 ಎಂದರೆ ಅದು 68ನೇ ನಿಮಿಷ, ಕೆಲವರು 67 ಎಂದೇ ಬರೆದುಬಿಡುತ್ತಾರೆ. ಸ್ವಂತ ಗೋಲು ತಂಡದ ಮೊತ್ತಕ್ಕೆ ಸೇರಲಿ, ಆಟಗಾರ್ತಿಯ ಖಾತೆಗೆ ಬೇಡ. ಕೊನೆಯಲ್ಲಿ ಆಟಗಾರ್ತಿಯರ ಗೋಲು, ಸ್ವಂತ ಗೋಲು ಎರಡನ್ನೂ ಕೂಡಿದಾಗ ಪಂದ್ಯಗಳ ಗೋಲು ಮೊತ್ತ ಬರಬೇಕು.

ಪೂರ್ತಿ ತುಂಬಿದ ಒಂದು ಸಾಲು ಹೀಗಿರುತ್ತದೆ: ಸೀಸನ್ 2022–23, ಫೈನಲ್, 14 ಮೇ 2023, ವೆಂಬ್ಲಿ, ಚೆಲ್ಸಿ 1, ಮ್ಯಾಂಚೆಸ್ಟರ್ ಯುನೈಟೆಡ್ 0, ಕೆರ್ 68, ಪ್ರೇಕ್ಷಕರು 77,390. ಪ್ರೇಕ್ಷಕರ ಕಾಲಂನಲ್ಲಿ ಖಾಲಿ ಬೇರೆ, ಸೊನ್ನೆ ಬೇರೆ. ಅರ್ಹತಾ ಸುತ್ತಿನ ಎಷ್ಟೋ ಪಂದ್ಯಗಳಿಗೆ ಅಂಕಿಯೇ ಸಿಗುವುದಿಲ್ಲ, ಅವು ಖಾಲಿ. 2020ರ ನವೆಂಬರ್ 1ರ ಫೈನಲ್ ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಲ್ಲದೆ ನಡೆಯಿತು, ಅದು ಸೊನ್ನೆ. ಎರಡನ್ನೂ ಬೆರೆಸಿದರೆ ಸರಾಸರಿ ಹಾಳು.

ಸಾಲಿನ ಮೊದಲ ಕಾಲಂ ಸೀಸನ್ ಆಗಿರಬೇಕು, ವರ್ಷ ಅಲ್ಲ. ದಿನಾಂಕ ನೋಡಿ ಸೀಸನ್ ಊಹಿಸುವ ಸೂತ್ರ ಹಾಕಿದವರಿಗೆ ಕೋವಿಡ್ ಕಾಲದ ಎರಡು ಕಪ್‌ಗಳು ತಕ್ಕ ಪಾಠ. 2019–20ರ ಫೈನಲ್ ನಡೆದದ್ದು 2020ರ ನವೆಂಬರ್‌ನಲ್ಲಿ. 2020–21ರದ್ದು ಇನ್ನೂ ವಿಚಿತ್ರ. ಕ್ವಾರ್ಟರ್ ಫೈನಲ್ 2021ರ ಸೆಪ್ಟೆಂಬರ್‌ನಲ್ಲಿ, ಸೆಮಿಫೈನಲ್ ಅಕ್ಟೋಬರ್ 31ಕ್ಕೆ, ಫೈನಲ್ ಡಿಸೆಂಬರ್ 5ಕ್ಕೆ. ಚೆಲ್ಸಿ 3–0ರಿಂದ ಆರ್ಸೆನಲ್ಲನ್ನು ಸೋಲಿಸಿತು. ಅಷ್ಟರಲ್ಲಿ 2021–22ರ ಕಪ್ ಶುರುವಾಗಿ ಹಲವು ಸುತ್ತು ಕಳೆದಿದ್ದವು. ಒಂದೇ ತಿಂಗಳಲ್ಲಿ ಎರಡು ಸೀಸನ್‌ಗಳ ಪಂದ್ಯ! ನಡುವೆ ಬೇಸಿಗೆಯ ವರ್ಗಾವಣೆಯೂ ಮುಗಿದಿತ್ತು. ಹಾಗಾಗಿ ಆಟಗಾರ್ತಿಯ ಹೆಸರಿನ ಪಕ್ಕ ಕ್ಲಬ್‌ನ ಹೆಸರನ್ನು ಪ್ರತಿ ಗೋಲಿಗೂ ಬರೆಯುತ್ತೇನೆ, ಸೀಸನ್‌ಗೆ ಒಮ್ಮೆ ಅಲ್ಲ.

ಬೇರೆ ಸ್ಪರ್ಧೆಯ ಪಂದ್ಯ ನುಸುಳುವುದು ಇನ್ನೊಂದು ಕಾಟ. 2023ರ ಜನವರಿ 22ರಂದು ಕಿಂಗ್ಸ್‌ಮೆಡೋದಲ್ಲಿ ಚೆಲ್ಸಿ–ಲಿವರ್‌ಪೂಲ್ ಪಂದ್ಯ ಮೈದಾನ ಹೆಪ್ಪುಗಟ್ಟಿದ್ದರಿಂದ ಆರೇ ನಿಮಿಷಕ್ಕೆ ನಿಂತಿತು. ಅದು ಲೀಗ್ ಪಂದ್ಯ. ಸರಿಯಾಗಿ ಒಂದು ವಾರಕ್ಕೆ ಇದೇ ಎರಡು ತಂಡ ಕಪ್‌ನ ನಾಲ್ಕನೇ ಸುತ್ತಿನಲ್ಲಿ ಎದುರಾದವು, ಕೆರ್ ಹ್ಯಾಟ್ರಿಕ್, ಚೆಲ್ಸಿ 3–2. ನಿಂತುಹೋದ ಪಂದ್ಯ ಕಪ್‌ನದೇ ಎಂದುಕೊಂಡು ‘ಮರುಪಂದ್ಯ’ ಎಂದು ಗುರುತು ಹಾಕಿದರೆ ಕೆಟ್ಟಿತು. ಫೆಬ್ರವರಿ 26ರಂದು ಐದನೇ ಸುತ್ತಿನಲ್ಲಿ ಚೆಲ್ಸಿ 2–0ರಿಂದ ಆರ್ಸೆನಲ್ಲನ್ನು ಹೊರಗಟ್ಟಿತು. ಮಾರ್ಚ್ 5ರಂದು ಅದೇ ಆರ್ಸೆನಲ್ ಚೆಲ್ಸಿಯನ್ನು 3–1ರಿಂದ ಸೋಲಿಸಿತು, ಆದರೆ ಅದು ಲೀಗ್ ಕಪ್‌ನ ಫೈನಲ್. ‘ಕಪ್’ ಎಂಬ ಪದ ಮಾತ್ರ ನೋಡಿ ಸುದ್ದಿಯಿಂದ ಎತ್ತಿಕೊಂಡರೆ ಹೊರಬಿದ್ದ ತಂಡವೇ ಪಟ್ಟಿಯಲ್ಲಿ ಮತ್ತೆ ಗೆದ್ದು ಕೂರುತ್ತದೆ.

ಕ್ಲಬ್‌ಗಳ ಗುರುತಿಗೆ ಹೆಸರನ್ನೇ ನಂಬಬಾರದು. ಪ್ರತಿ ಕ್ಲಬ್‌ಗೆ ನಾನೊಂದು ಸಂಕೇತ ಸಂಖ್ಯೆ ಕೊಟ್ಟಿರುತ್ತೇನೆ. ಕಪ್ ಎಂಟು ಬಾರಿ ಗೆದ್ದ ಸೌತಾಂಪ್ಟನ್ ಯಾವುದು? 1971ರ ಮೊದಲ ಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಸ್ಟೂವರ್ಟನ್ ಅಂಡ್ ಥಿಸಲ್ ತಂಡವನ್ನು 4–1ರಿಂದ ಸೋಲಿಸಿದ ಸೌತಾಂಪ್ಟನ್ ವಿಮೆನ್ಸ್ ಸ್ವತಂತ್ರ ಕ್ಲಬ್. ಪುರುಷರ ಸೌತಾಂಪ್ಟನ್ ಎಫ್‌ಸಿಗೆ ಸೇರಿದ ಮಹಿಳಾ ತಂಡವೇ ಬೇರೆ. ಎಂಟನ್ನೂ ಈಗಿನ ತಂಡದ ಲೆಕ್ಕಕ್ಕೆ ಹಾಕಿದ ಪಟ್ಟಿಗಳು ಎಷ್ಟು ಬೇಕಾದರೂ ಸಿಗುತ್ತವೆ. ಕಾರ್ಡಿಫ್ ಸಿಟಿ ಲೇಡೀಸ್ ಕೂಡ ಹಾಗೆಯೇ: ವೇಲ್ಸ್‌ನ ಕ್ಲಬ್ ಆದರೂ ಇಂಗ್ಲೆಂಡಿನ ಲೀಗ್‌ನಲ್ಲಿ ಆಡುತ್ತದೆ, 2022–23ರಲ್ಲಿ ಐದನೇ ಸುತ್ತಿನವರೆಗೆ ಬಂದು ಲೂಯಿಸ್ ಎದುರು ಸೋತಿತು. ವೇಲ್ಸ್ ಲೀಗ್‌ನ ಕಾರ್ಡಿಫ್ ಸಿಟಿ ಮಹಿಳಾ ತಂಡಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಆರ್ಸೆನಲ್, ಚೆಲ್ಸಿಯಂಥವು ‘ಲೇಡೀಸ್’ ಬಿಟ್ಟು ‘ವಿಮೆನ್’ ಆದವು. ಸಂಕೇತ ಸಂಖ್ಯೆ ಒಂದೇ, ಸಾಲಿನಲ್ಲಿ ಮಾತ್ರ ಆ ದಿನದ ಹೆಸರು.

ತಂಡದ ಲೀಗ್ ದರ್ಜೆಯನ್ನೂ ಆ ಸೀಸನ್‌ನ ಪಟ್ಟಿಯಿಂದಲೇ ತುಂಬಬೇಕು. ಬ್ರಿಸ್ಟಲ್ ಸಿಟಿ 2022–23ರಲ್ಲಿ ಎರಡನೇ ದರ್ಜೆಯಲ್ಲಿತ್ತು, ಮರುವರ್ಷ ಮೊದಲನೆಯದಕ್ಕೆ ಏರಿತು, ಆಮೇಲೆ ಮತ್ತೆ ಇಳಿಯಿತು. ದರ್ಜೆ ತಪ್ಪಿದರೆ ಆ ತಂಡ ಯಾವ ಸುತ್ತಿನಲ್ಲಿ ಸೇರಿತು ಎಂಬುದೂ ತಪ್ಪಿ, ಮೇಲೆ ಹೇಳಿದ 12 ಮತ್ತು 12ರ ಲೆಕ್ಕ ಕೂಡುವುದಿಲ್ಲ.

ಮೈದಾನದ ಕಾಲಂ ಅನ್ನು ಕ್ಲಬ್ ಹೆಸರಿನಿಂದ ತಾನಾಗಿ ತುಂಬಿಸುವ ಸೂತ್ರ ಬೇಡ. 2023ರ ಸೆಮಿಫೈನಲ್‌ಗಳು ತಟಸ್ಥ ಮೈದಾನದಲ್ಲಲ್ಲ, ಡ್ರಾದಲ್ಲಿ ಮೊದಲು ಬಂದ ತಂಡದ ತವರಿನಲ್ಲಿ ನಡೆದವು. ಆದರೆ ಆಸ್ಟನ್ ವಿಲ್ಲಾದ ತವರು ಎಂದರೆ ಕ್ಲಬ್‌ನ ಪುರುಷರು ಆಡುವ ವಿಲ್ಲಾ ಪಾರ್ಕ್ ಎಂದುಕೊಳ್ಳಬೇಡಿ. ಆಸ್ಟನ್ ವಿಲ್ಲಾ ಚೆಲ್ಸಿಗೆ 0–1ರಿಂದ ಸೋತದ್ದು ವಾಲ್ಸಾಲ್‌ನ ಬೆಸ್ಕಾಟ್ ಸ್ಟೇಡಿಯಂನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಬ್ರೈಟನ್‌ ಎದುರು 3–2ರಿಂದ ಗೆದ್ದದ್ದು ಲೀ ಸ್ಪೋರ್ಟ್ಸ್ ವಿಲೇಜ್‌ನಲ್ಲಿ.

ಪಂದ್ಯದ ವೇಳೆ ಬ್ರಿಟನ್ನಿನದೇ ಇರಲಿ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. 2023ರಲ್ಲಿ ಕ್ವಾರ್ಟರ್ ಫೈನಲ್ ಅದಕ್ಕೂ ಮುಂಚೆ, ಸೆಮಿಫೈನಲ್ ಆಮೇಲೆ ನಡೆದವು. ಒಂದೇ ಅಂತರ ಕೂಡಿಸಿ ಭಾರತದ ವೇಳೆಗೆ ಪರಿವರ್ತಿಸಿದರೆ ಅರ್ಧ ಸೀಸನ್ ತಪ್ಪು.

ಬಹುಮಾನದ ಹಣಕ್ಕೆ ಪ್ರತ್ಯೇಕ ಹಾಳೆ. 2022–23ರಲ್ಲಿ ಒಟ್ಟು ನಿಧಿ 30 ಲಕ್ಷ ಪೌಂಡ್, ಮರುವರ್ಷ ಅದು 60 ಲಕ್ಷಕ್ಕೆ ಏರಿತು. 2023ರ ಫೈನಲ್ ಗೆದ್ದ ಚೆಲ್ಸಿಗೆ ಒಂದು ಲಕ್ಷ ಪೌಂಡ್. ಅದೇ ವರ್ಷ ಪುರುಷರ ಕಪ್ ಗೆದ್ದವರಿಗೆ 20 ಲಕ್ಷ. ಈ ಒಂದು ಲಕ್ಷ ಫೈನಲ್‌ನದು ಮಾತ್ರ. ಹಿಂದಿನ ಸುತ್ತುಗಳ ಗೆಲುವಿನ ಹಣ ಬೇರೆಯಾಗಿ ಸೇರುತ್ತದೆ. ಕ್ಲಬ್‌ಗೆ ಒಟ್ಟು ಎಷ್ಟು ಬಂತು ಎಂದು ಹೇಳಬೇಕಾದರೆ ಅದು ಸೇರಿದ ಸುತ್ತಿನಿಂದ ಪ್ರತಿ ಗೆಲುವಿನ ಮೊತ್ತ ಕೂಡಿಸಿ. ಸೋತ ಸುತ್ತಿಗೆ ಏನಾದರೂ ಸಿಗುತ್ತದೆಯೇ ಎಂಬುದನ್ನು ಆ ವರ್ಷದ ಪಟ್ಟಿಯಲ್ಲಿ ನೋಡಿ ಸೇರಿಸಿ.