ಎಚ್‌-1ಬಿ ಲಾಟರಿ ಬೇಡ, ಕೆನಡಾ ಪಾಸ್‌ಪೋರ್ಟ್ ಇದ್ದರೆ ಟಿಎನ್ ಇದೆ

ಟೊರಾಂಟೊದಲ್ಲಿ ನೆಲೆಸಿ ಕೆನಡಾ ಪೌರತ್ವ ಪಡೆದಿದ್ದೀರಾ? ಅಮೆರಿಕದ ಕಂಪನಿಯೊಂದು ಕೆಲಸಕ್ಕೆ ಕರೆದಿದೆಯಾ? ಹಾಗಾದರೆ ಎಚ್‌-1ಬಿ (ಅಮೆರಿಕದ ಕೆಲಸದ ವೀಸಾ) ಲಾಟರಿಗೆ ಕಾಯಬೇಕಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ 1994ರಲ್ಲಿ ಜಾರಿಗೆ ಬಂದ ನಾಫ್ಟಾ ವ್ಯಾಪಾರ ಒಪ್ಪಂದದಿಂದ ಹುಟ್ಟಿದ 'ಟಿಎನ್' ಎಂಬ ಕೆಲಸದ ಪರವಾನಗಿ ಇದೆ. 2020ರ ಜುಲೈನಲ್ಲಿ ನಾಫ್ಟಾ ಹೋಗಿ ಹೊಸ ಒಪ್ಪಂದ ಬಂದರೂ ಇದು ಉಳಿದುಕೊಂಡಿದೆ.

ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ. ಕೆನಡಾದ ಪಿಆರ್ (ಕಾಯಂ ನಿವಾಸಿ) ಕಾರ್ಡ್ ಸಾಲದು, ಪೌರತ್ವವೇ ಬೇಕು. ಪಿಆರ್ ಜೊತೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗಡಿಗೆ ಹೋದರೆ ಸುಮ್ನೆ ಪೆಟ್ರೋಲ್ ಖರ್ಚು.

ಆಮೇಲೆ ಒಪ್ಪಂದದ ಪಟ್ಟಿಯಲ್ಲಿ ನಿಮ್ಮ ವೃತ್ತಿ ಇದೆಯಾ ನೋಡಿ. ಎಂಜಿನಿಯರ್, ಅಕೌಂಟೆಂಟ್, ನರ್ಸ್, ಫಾರ್ಮಸಿಸ್ಟ್ ಇದ್ದಾರೆ. ನಮ್ಮ ಐಟಿಯವರಿಗೆ ತಮಾಷೆ ಅನ್ನಿಸಬಹುದು, 'ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್' ಇದೆ, ಆದರೆ 'ಪ್ರೋಗ್ರಾಮರ್' ಇಲ್ಲ! ಹಾಗಂತ ಹೆಸರು ಬದಲಿಸಿದರೆ ಸಾಲದು, ದಿನವಿಡೀ ಕೋಡ್ ಬರೆಯುವುದೇ ಕೆಲಸವಾದರೆ ಅಧಿಕಾರಿ ಪ್ರಶ್ನೆ ಕೇಳೇ ಕೇಳುತ್ತಾರೆ.

ಎಲ್ಲಕ್ಕಿಂತ ಮುಖ್ಯ ಕಂಪನಿಯ ಪತ್ರ. ಯಾವ ವೃತ್ತಿ, ದಿನನಿತ್ಯ ಏನು ಕೆಲಸ, ಎಷ್ಟು ಕಾಲ, ಸಂಬಳ ಎಷ್ಟು, ನಿಮ್ಮ ಓದು ಅದಕ್ಕೆ ಹೇಗೆ ಹೊಂದುತ್ತದೆ, ಇಷ್ಟೂ ಅದರಲ್ಲಿ ಸ್ಪಷ್ಟವಾಗಿರಲಿ. ಎಚ್‌ಆರ್‌ನವರು ಕಳಿಸುವ ಎರಡು ಸಾಲಿನ ಆಫರ್ ಲೆಟರ್ ಸಾಕಾಗಲ್ಲ, ನಾಚಿಕೆ ಬಿಟ್ಟು ಮತ್ತೆ ಬರೆಸಿಕೊಳ್ಳಿ. ಡಿಗ್ರಿ ಕರ್ನಾಟಕದ್ದಾದರೆ ಅದು ಅಮೆರಿಕದ ಯಾವ ಪದವಿಗೆ ಸಮ ಅಂತ ಮೌಲ್ಯಮಾಪನ ಮಾಡಿಸಿದ ವರದಿಯೂ ಜೊತೆಗಿರಲಿ.

ಕೆನಡಾದವರಿಗೆ ಮುಂಚಿತವಾಗಿ ವೀಸಾ ಬೇಡ, ಕಾಗದಗಳ ಸಮೇತ ಗಡಿಯಲ್ಲೋ, ಟೊರಾಂಟೊ ಪಿಯರ್ಸನ್‌ನಂಥ ವಿಮಾನ ನಿಲ್ದಾಣದಲ್ಲಿ ಕೂರುವ ಅಮೆರಿಕದ ಅಧಿಕಾರಿಗಳ ಮುಂದೋ ನೇರವಾಗಿ ಅರ್ಜಿ ಕೊಡಬಹುದು. ಮೆಕ್ಸಿಕೊದವರು ಮಾತ್ರ ಕಾನ್ಸುಲೇಟ್‌ನಲ್ಲಿ ವೀಸಾ ತೆಗೆದುಕೊಂಡೇ ಹೋಗಬೇಕು. ಅಧಿಕಾರಿಯ ಮುಂದೆ 'ಅಮೆರಿಕದಲ್ಲೇ ಸೆಟ್ಲ್ ಆಗ್ತೀನಿ' ಅಂತ ಹೇಳಿದರೆ ಕೆಲಸ ಕೆಟ್ಟಿತು, ಯಾಕಂದರೆ ಇದು ತಾತ್ಕಾಲಿಕ ಪರವಾನಗಿ.

ಒಮ್ಮೆಗೆ ಗರಿಷ್ಠ 3 ವರ್ಷ ಸಿಗುತ್ತದೆ, ಮತ್ತೆ ಮತ್ತೆ ನವೀಕರಿಸಬಹುದು. ಹೆಂಡತಿ ಅಥವಾ ಗಂಡ, ಮಕ್ಕಳು 'ಟಿಡಿ' ಎಂಬ ಕುಟುಂಬದವರ ಪರವಾನಗಿ ಮೇಲೆ ಬರಬಹುದು, ಓದಬಹುದು, ಆದರೆ ದುಡಿಯುವಂತಿಲ್ಲ. ಇಬ್ಬರ ಸಂಬಳದ ಲೆಕ್ಕ ಹಾಕಿದ್ದರೆ ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಒಳಗೆ ಬಿಟ್ಟ ಮೇಲೆ ಐ-94 ಎಂಬ ಪ್ರವೇಶ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆರೆದು ಹೆಸರು, ತಾರೀಖು ಸರಿ ಇದೆಯಾ ಅವತ್ತೇ ನೋಡಿ, ತಪ್ಪಿದ್ದರೆ ತಡಮಾಡದೆ ತಿದ್ದಿಸಿಕೊಳ್ಳಿ.