ಕೊಡಗಿನ ಕೆಸರಿನಲ್ಲಿ ಮೂರು ಚಕ್ರದ ಎಟಿವಿ: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಜೀಪು ಜೂನ್ ತಿಂಗಳಿನಿಂದಲೇ ಶೆಡ್ಡಿನಲ್ಲಿ ನಿಂತಿತ್ತು. ಆದರೂ ನಮ್ಮ ತೋಟದ ಕೆಳಗಿನ ಬ್ಲಾಕಿಗೆ ಗೊಬ್ಬರ, ಮೈಲುತುತ್ತ, ಸುಣ್ಣ, ಸ್ಪ್ರೇ ಪಂಪು, ಮೆಣಸಿನ ಬಳ್ಳಿಯ ಪಾಲಿಬ್ಯಾಗ್ ಗಿಡ ಎಲ್ಲವೂ ಹೊತ್ತಿಗೆ ಸರಿಯಾಗಿ ತಲುಪಿದವು. ತಲುಪಿಸಿದ್ದು ನಾನೇ ಕಟ್ಟಿದ ಮೂರು ಚಕ್ರದ ಎಟಿವಿ, ಅಂದರೆ ರಸ್ತೆಯಿಲ್ಲದ ಕಡೆಯೂ ಓಡುವ ಗಾಡಿ. ಅದರ ಇಂಜಿನ್ 97 ಸಿಸಿ, ಟೈರಿನ ಗಾಳಿ 2 ಪೌಂಡಿಗಿಂತ ತುಸು ಹೆಚ್ಚು. ಮೂರು ಚಕ್ರದ್ದು ಇಳಿಜಾರಿನಲ್ಲಿ ಮಗುಚದೆ ಇರುವುದಿಲ್ಲ ಎಂದು ನೆರೆಯ ತೋಟದವರು ಹೇಳಿದ್ದರು. ಕುಶಾಲನಗರದ ಲೇಥ್ ಮೇಸ್ತ್ರಿಯಂತೂ, "ಅಣ್ಣಾ, ಇನ್ನೊಂದು ಚಕ್ರ ಸೇರಿಸಿಬಿಡಿ, ನಿಮಗೂ ಸುಖ, ನನಗೂ ಸುಖ" ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರು. ಈಗ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಫೋನ್ ಮಾಡುತ್ತಾರೆ. ಆದ್ದರಿಂದ ನಡೆದದ್ದನ್ನು ಬರೆದಿಡುವ ಧೈರ್ಯ ಬಂದಿದೆ.

ಮೂರು ಚಕ್ರವೇ ಏಕೆ ಎಂಬುದಕ್ಕೆ ಉತ್ತರ ನಮ್ಮೂರಿನದಲ್ಲ. ಕೆನಡಾದ ಆಲ್ಬರ್ಟಾದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಅಲ್ಲಿನ ಜಮೀನೊಂದರಲ್ಲಿದ್ದ ಹೋಂಡಾ ಎಟಿಸಿ ಎಂಬ ಮೂರು ಚಕ್ರದ ಗಾಡಿಯನ್ನು ಚಳಿಗಾಲದುದ್ದಕ್ಕೂ ಹಿಮದಲ್ಲಿ ಓಡಿಸಿದ್ದೆ. ಚಳಿಗಾಲದಲ್ಲಿ ಬೈಕು ಮಾರಾಟವಾಗದೆ ಕುಳಿತುಕೊಳ್ಳುತ್ತಿದ್ದ ಅಮೆರಿಕದ ಅಂಗಡಿಗಳಿಗಾಗಿಯೇ ಹೋಂಡಾ ಈ ಜಾತಿಯ ಗಾಡಿಯನ್ನು 1970ರಲ್ಲಿ ಹೊರತಂದಿತು. ಅದರ ವಿನ್ಯಾಸಕಾರ ಒಸಾಮು ತಕೆಯುಚಿ ಎರಡರಿಂದ ಆರು ಚಕ್ರಗಳವರೆಗೆ ಪರೀಕ್ಷಿಸಿ ನೋಡಿ, ಹಿಮಕ್ಕೂ ಕೆಸರಿಗೂ ಮೂರೇ ಸರಿ ಎಂದು ನಿರ್ಧರಿಸಿದ್ದರು. ಆ ಮೊದಲ ಗಾಡಿಗೆ ಸಸ್ಪೆನ್ಷನ್ ಇರಲಿಲ್ಲ, ಎರಡು ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರಲಿಲ್ಲ. ಇದ್ದದ್ದು 22 ಇಂಚಿನ ಉಬ್ಬಿದ ಟೈರು ಮಾತ್ರ. ಅಪಘಾತಗಳ ಗಲಾಟೆಯ ನಂತರ 1988ರಲ್ಲಿ ಅಮೆರಿಕದ ಸರ್ಕಾರಿ ಸುರಕ್ಷತಾ ಆಯೋಗದೊಂದಿಗೆ ಒಪ್ಪಂದವಾಗಿ ಅಲ್ಲಿ ಹೊಸ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. ನಮ್ಮಲ್ಲಿ ಅದನ್ನು ಕೊಳ್ಳುವ ಮಾತೇ ಇಲ್ಲ, ಕಟ್ಟಿಕೊಳ್ಳಬೇಕು.

ಅಗತ್ಯ ಹುಟ್ಟಿದ್ದು 2018ರ ಆಗಸ್ಟ್ ತಿಂಗಳ ಭೂಕುಸಿತದ ನಂತರ. ಮಾದಾಪುರ, ಮಕ್ಕಂದೂರು ಸುತ್ತಿನ ಅನೇಕ ತೋಟಗಳಂತೆ ನಮ್ಮ ಒಳರಸ್ತೆಯೂ ಕೊಚ್ಚಿಹೋಗಿತ್ತು. ಜೆಸಿಬಿ ತಂದು ಬಿಡಿಸಿದ ಹೊಸ ದಾರಿಯ ಮಣ್ಣು ಇನ್ನೂ ಕೂತಿಲ್ಲ. ಮಳೆಯಲ್ಲಿ ಜೀಪು ಇಳಿಸಿದರೆ ಜೀಪಿಗಿಂತ ರಸ್ತೆಗೇ ಹೆಚ್ಚು ನಷ್ಟ. ತಲೆಹೊರೆಯಲ್ಲಿ ಸಾಗಿಸಲು ಆಳುಗಳು ಸಿಗುವುದಿಲ್ಲ, ಸಿಕ್ಕರೂ ಜಿಗಣೆ ತುಂಬಿದ ಆ ಇಳಿಜಾರಿನಲ್ಲಿ 50 ಕೆ.ಜಿ. ಮೂಟೆ ಹೊರಿಸುವುದು ನ್ಯಾಯವೂ ಅಲ್ಲ.

ಮೊದಲು ಕೈಹಾಕಿದ್ದು ಗುಜರಿಯಿಂದ ತಂದ ಡೀಸೆಲ್ ಗೂಡ್ಸ್ ಆಟೋಗೆ. ಕ್ಯಾಬಿನ್ ಕತ್ತರಿಸಿ, ಹಿಂದಿನ ಚಕ್ರಗಳಿಗೆ ಹಿಮದ ದೇಶದವರು ಕಟ್ಟುವಂತೆ ಸರಪಳಿ ಕಟ್ಟಿಸಿದೆ. ಹಿಮದಲ್ಲಿ ಸರಪಳಿ ಕೆಲಸ ಮಾಡುವುದು ಅಡಿಯಲ್ಲಿ ಗಟ್ಟಿಯಾದ ಹಿಮವೋ ಮಂಜುಗಡ್ಡೆಯೋ ಕಚ್ಚಲು ಸಿಗುವುದರಿಂದ. ನಮ್ಮ ಕೆಂಪು ಜೇಡಿಗೆ ಅಂಥ ತಳವಿಲ್ಲ. ಸರಪಳಿ ಸಂದಿಗಳಲ್ಲಿ ಮಣ್ಣು ಮೆತ್ತಿ ಚಕ್ರವೇ ಒಂದು ಜೇಡಿಯ ಉಂಡೆಯಾಯಿತು. ಒಂದೇ ಚಕ್ರ ತಿರುಗುತ್ತಾ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು, ಡಿಫರೆನ್ಷಿಯಲ್ ಇನ್ನೊಂದನ್ನು ಸುಮ್ಮನೆ ಕೂರಿಸಿತು. ಗಾಡಿಯನ್ನು ಹೊರಗೆಳೆಯಲು ಪಕ್ಕದ ತೋಟದ ಟ್ರ್ಯಾಕ್ಟರ್ ಬರಬೇಕಾಯಿತು. ಅಲ್ಲಿಗೆ 40 ಸಾವಿರದಷ್ಟು ಹೋಯಿತು. ಆಟೋವನ್ನು ಮರಳಿ ಗುಜರಿಗೆ ಹಾಕಿದಾಗ ಬಂದದ್ದು ಅದರ ಕಾಲುಭಾಗ.

ನಂತರ ಪ್ರವಾಸಿಗರನ್ನು ಕೂರಿಸಿ ಓಡಿಸುವ ನಾಲ್ಕು ಚಕ್ರದ ಎಟಿವಿಗಳ ಹಳೆಯ ಟೈರುಗಳನ್ನು ರೆಸಾರ್ಟೊಂದರಿಂದ 6 ಸಾವಿರಕ್ಕೆ ತಂದೆ. ನೋಡಲು ಉಬ್ಬಿದ ಟೈರೇ, ಆದರೆ ಪಕ್ಕದ ಗೋಡೆ ಎಷ್ಟು ಬಿರುಸೆಂದರೆ ಗಾಳಿ ಪೂರ್ತಿ ತೆಗೆದರೂ ಗಾಡಿ ಕುಗ್ಗದೆ ನಿಲ್ಲುತ್ತಿತ್ತು. ಟೈರಿಗೆ ತೆಳುವಾದ ಮೈ ಬೇಕು, ಎರಡು ಪದರಕ್ಕಿಂತ ಹೆಚ್ಚು ಬೇಡ. ಹದವಾಗಿ ಗಾಳಿ ತುಂಬಿದ ಟೈರು ಕೈಯಿಂದ ಒತ್ತಿದರೆ ಹಣ್ಣಾದ ಹಲಸಿನಂತೆ ತಗ್ಗಬೇಕು. ಕೊನೆಗೆ 22-11-8 ಅಳತೆಯ (ಎತ್ತರ, ಅಗಲ, ರಿಮ್ಮು, ಇಂಚಿನ ಲೆಕ್ಕದಲ್ಲಿ) ಮೂರು ಟೈರುಗಳನ್ನು ರಿಮ್ಮು ಸಹಿತ ಹೊರಗಿನಿಂದ ತರಿಸಿದೆ; ಸುಂಕ, ಸಾಗಾಣಿಕೆ ಎಲ್ಲ ಸೇರಿ 40 ಸಾವಿರ ದಾಟಿತು. ಮನೆಯಲ್ಲಿ ಈ ಲೆಕ್ಕವನ್ನು ಇಂದಿಗೂ ಪೂರ್ತಿ ಹೇಳಿಲ್ಲ. ಆದರೆ ಇಡೀ ಗಾಡಿಯಲ್ಲಿ ಸಾರ್ಥಕವಾದ ಖರ್ಚು ಇದೊಂದೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಎರಡು ಪೌಂಡ್ ಗಾಳಿಯನ್ನು ಅಳೆಯುವುದು ಇನ್ನೊಂದು ತಲೆನೋವಾಗಿತ್ತು. ಪಂಕ್ಚರ್ ಅಂಗಡಿಯ ಮೀಟರು 10 ಪೌಂಡಿನ ಕೆಳಗೆ ಏನನ್ನೂ ಸರಿಯಾಗಿ ಹೇಳುವುದಿಲ್ಲ. ತಂದೆಯವರ ಹಳೆಯ ಬಿ.ಪಿ. ನೋಡುವ ಉಪಕರಣದ ಮೀಟರನ್ನು ಬಿಚ್ಚಿ, ಟೈರ್ ವಾಲ್ವಿಗೆ ಕೂರುವ ನಳಿಕೆ ಕಟ್ಟಿದೆ. ಒಂದು ಪೌಂಡ್ ಎಂದರೆ ಪಾದರಸದ ಲೆಕ್ಕದಲ್ಲಿ ಸುಮಾರು 52 ಮಿ.ಮೀ.; ಮೀಟರು 300ರವರೆಗೆ ತೋರಿಸುವುದರಿಂದ ನಮಗೆ ಬೇಕಾದ ವ್ಯಾಪ್ತಿಯೆಲ್ಲ ಅದರ ಮುಖದ ಮೇಲೆಯೇ ಇದೆ. ನನ್ನ ಹದ ಹೀಗಿದೆ: ಮುಂದಿನ ಚಕ್ರಕ್ಕೆ 90, ಹಿಂದಿನವಕ್ಕೆ ಹೊರೆಯಿಲ್ಲದಿದ್ದರೆ 115, ಎರಡು ಮೂಟೆ ಇದ್ದರೆ 150. ತುಂಬಲು ಸೈಕಲ್ ಪಂಪು ಸಾಕು. ಇಷ್ಟು ಮೆತ್ತಗಿನ ಟೈರು ನೆಲವನ್ನು ಒತ್ತುವುದು ನಡೆಯುವ ಮನುಷ್ಯನ ಪಾದಕ್ಕಿಂತ ಕಡಿಮೆ. ಆಳುಗಳ ಗಂಬೂಟು ಹೂತುಹೋಗುವ ಕಡೆ ಗಾಡಿ ಮೇಲೆಯೇ ದಾಟಿದ್ದನ್ನು ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಸ್ವತಃ ಪರೀಕ್ಷಿಸಿ ನೋಡಿದ್ದಾರೆ.

ಗಾಳಿ ಇಷ್ಟು ಕಡಿಮೆ ಇರುವಲ್ಲಿ ಉಷ್ಣತೆಯ ಲೆಕ್ಕ ಬಿಡುವಂತಿಲ್ಲ. ಆಲ್ಬರ್ಟಾದಲ್ಲಿ ಬೆಚ್ಚಗಿನ ಶೆಡ್ಡಿನೊಳಗೆ 20 ಡಿಗ್ರಿಯಲ್ಲಿ 2 ಪೌಂಡ್ ತುಂಬಿದ ಟೈರು, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಬಯಲಿಗೆ ಬಂದೊಡನೆ ಹೆಚ್ಚುಕಡಿಮೆ ಖಾಲಿಯಾಗುತ್ತಿತ್ತು. ಅಲ್ಲಿ ಗಾಡಿಯನ್ನು ಹೊರಗೆ ನಿಲ್ಲಿಸಿ ತಣಿದ ಮೇಲೆಯೇ ಗಾಳಿ ಅಳೆಯಬೇಕು. ಇಲ್ಲಿ ಅದರ ತಿರುಗುಮುರುಗು. ಬೆಳಗಿನ ಚಳಿಯಲ್ಲಿ ಹದ ಮಾಡಿದ ಟೈರು, ಮಳೆ ಬಿಡುವು ಕೊಟ್ಟು ಮಧ್ಯಾಹ್ನ ಬಿಸಿಲು ಬಿದ್ದರೆ ಒಂದು ಪೌಂಡಿನಷ್ಟು ಬಿಗಿಯಾಗುತ್ತದೆ. ಅದೇ ದಾರಿಯಲ್ಲಿ ಬೆಳಿಗ್ಗೆ ಹತ್ತಿದ ಗಾಡಿ ಮಧ್ಯಾಹ್ನ ಜಾರುತ್ತದೆ. ಮೈಸೂರಿನಲ್ಲಿ ತುಂಬಿಸಿ ತಂದರೂ ಹೀಗೆಯೇ, ಎತ್ತರಕ್ಕೆ ಬಂದಂತೆ ಟೈರು ಬಿಗಿಯುತ್ತದೆ. ಹಾಗಾಗಿ ಮೀಟರು ಯಾವಾಗಲೂ ಜೇಬಿನಲ್ಲಿರುತ್ತದೆ.

ಮೆತ್ತಗಿನ ಟೈರಿನ ಇನ್ನೊಂದು ರೋಗವೆಂದರೆ ರಿಮ್ಮು ತಿರುಗಿದರೂ ಟೈರು ತಿರುಗದೆ ನಿಲ್ಲುವುದು, ಅಥವಾ ಅಡ್ಡ ಒತ್ತಡಕ್ಕೆ ಅಂಚು ಬಿಟ್ಟು ಗಾಳಿ ಹೋಗುವುದು. ಟ್ಯೂಬ್ ಹಾಕಿ ನೋಡಿದೆ, ವಾಲ್ವು ಬುಡದಿಂದಲೇ ಹರಿಯಿತು. ಮಾರುಕಟ್ಟೆಯ ಅಂಟುಗಳನ್ನು ಹಚ್ಚಿದರೆ ಆಮೇಲೆ ಟೈರು ಬಿಚ್ಚಲು ಬರಲಿಲ್ಲ. ಈಗ ರಿಮ್ಮಿಗೆ ಹಚ್ಚುತ್ತಿರುವುದು ಕೊಡಗಿನ ಪ್ರತಿ ತೋಟದಲ್ಲೂ ಸಿಗುವ ಒಂದು ವಸ್ತು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದಿಡೀ ಮಳೆಗಾಲ ಹಿಡಿದಿದೆ, ಉಳಿದವರೂ ಸ್ವಲ್ಪ ಹುಡುಕಲಿ.

ಹಿಂದಿನ ಆಕ್ಸಲ್ ಒಂದೇ ತುಂಡಿನದು. ಮೊದಲ ಆಕ್ಸಲ್ 30 ಮಿ.ಮೀ. ದಪ್ಪದ ಇಎನ್8 ಎಂಬ ದರ್ಜೆಯ ಉಕ್ಕಿನ ಸರಳಿನಿಂದ ಮಾಡಿಸಿದ್ದು, ಬೇರಿಂಗುಗಳು ನಡುವಿಗೆ ಹತ್ತಿರವಿದ್ದುದರಿಂದ ಮೊದಲ ಭಾರಕ್ಕೇ ಬಾಗಿತು. ಎರಡನೆಯದಕ್ಕೆ 35 ಮಿ.ಮೀ. ದಪ್ಪದ, ಇನ್ನೂ ಗಟ್ಟಿಯಾದ ಇಎನ್19 ಉಕ್ಕು ಹಾಕಿಸಿ, ಬೇರಿಂಗ್ ಕೂರುವ ಪಿಲ್ಲೋ ಬ್ಲಾಕುಗಳನ್ನು ಚಕ್ರದ ಪಕ್ಕಕ್ಕೇ ತಂದೆ. ಅದು ಈವರೆಗೆ ಅಲುಗಿಲ್ಲ. ದಪ್ಪಕ್ಕಿಂತ ಬೇರಿಂಗಿನ ಜಾಗವೇ ಮುಖ್ಯವಾಗಿತ್ತು ಎಂದು ನನಗನ್ನಿಸುತ್ತದೆ. ಎರಡಕ್ಕೂ ಸೇರಿ 20 ಸಾವಿರದ ಮೇಲಾಯಿತು.

ಇಂಜಿನ್ ವಿಷಯದಲ್ಲಿ ಎಲ್ಲರೂ ಶಕ್ತಿ ಸಾಲದು ಎನ್ನುತ್ತಿದ್ದರು. ಅವರ ಮಾತಿಗೆ 150 ಸಿಸಿ ಬೈಕಿನ ಇಂಜಿನನ್ನು ಕೂರಿಸಿದ್ದೂ ಉಂಟು. ನಡಿಗೆಯ ವೇಗದಲ್ಲಿ ಏರು ಹತ್ತಿಸಬೇಕಾದಾಗ ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸಬೇಕಾಗಿ ಪ್ಲೇಟುಗಳು ಸುಟ್ಟುಹೋದವು, ಗಾಳಿ ಸಿಗದೆ ಸಿಲಿಂಡರ್ ಕಾದು ಇಂಜಿನ್ ಹಿಡಿದುಕೊಳ್ಳುವ ಹಂತಕ್ಕೆ ಬಂತು. ಆಗ ಎಟಿಸಿಯ ನೆನಪಾಯಿತು. ಅದರದ್ದು ಹೋಂಡಾದ ಕಬ್ ಎಂಬ ಸಣ್ಣ ಬೈಕಿನ ವಂಶದ, ಮಲಗಿದ ಸಿಲಿಂಡರಿನ, ಕೈಕ್ಲಚ್ ಇಲ್ಲದ ಸಣ್ಣ ಇಂಜಿನ್. ಅದೇ ವಂಶದ ಇಂಜಿನ್ ನಮ್ಮಲ್ಲಿ ಹೀರೋ ಹೋಂಡಾ ಸ್ಟ್ರೀಟ್ ಗಾಡಿಯಲ್ಲಿ ಬಂದಿತ್ತು. ಆ ಗಾಡಿ ನಮ್ಮ ಜನಕ್ಕೆ ಹಿಡಿಸದೆ ಹೋದದ್ದು ನನ್ನ ಪುಣ್ಯ. ಗುಜರಿಯಲ್ಲಿ 7 ಸಾವಿರಕ್ಕೆ ಇಂಜಿನ್ ಸಿಕ್ಕಿತು. ನಡುವೆ ಇನ್ನೊಂದು ಶಾಫ್ಟ್ ಹಾಕಿ, ಹಲ್ಲುಚಕ್ರಗಳಿಂದ ವೇಗವನ್ನು ಇನ್ನೂ ಮೂರುಪಟ್ಟು ತಗ್ಗಿಸಿದೆ. ಮೊದಲ ಗೇರಿನಲ್ಲಿ ಪಕ್ಕದಲ್ಲಿ ನಡೆಯುವವರು ಮಾತನಾಡುತ್ತಾ ಬರಬಹುದು. ಕಾರ್ಬೊರೇಟರಿನ ಗಾಳಿಯ ಬಾಯಿಯನ್ನು ಸೀಟಿನ ಕೆಳಗಿನವರೆಗೆ ಎತ್ತಿದ ಮೇಲೆ ನೀರಿನ ತೊಂದರೆಯೂ ಇಲ್ಲ.

ಚಕ್ರಗಳ ಅಗಲವನ್ನು ನಾನು ಹಿಮದ ಅನುಭವದಿಂದಲೇ ನಿರ್ಧರಿಸಿದೆ. ಆಳವಾದ ಹಿಮದಲ್ಲಿ ಮೂರು ಚಕ್ರದ ಗಾಡಿಗೆ ಒಂದು ಕಷ್ಟವಿದೆ: ಹಿಂದಿನ ಚಕ್ರಗಳು ಮುಂದಿನದು ತುಳಿದ ದಾರಿಯಲ್ಲಿ ಬರುವುದಿಲ್ಲ, ಮೂರೂ ತಮ್ಮ ತಮ್ಮ ಸಾಲನ್ನು ಬಿಡಿಸಿಕೊಳ್ಳಬೇಕು. ನಮ್ಮ ತೋಟದ ರಸ್ತೆಯಲ್ಲಿ ಇದೇ ಅನುಕೂಲವಾಗಿಬಿಟ್ಟಿತು. ಜೀಪು ಓಡಿದ ದಾರಿಯಲ್ಲಿ ಎರಡು ಪಕ್ಕ ಕೆಸರಿನ ಗಾಡಿಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಹುಲ್ಲಿನ ಬೇರು ಹಿಡಿದ ಆ ದಿಬ್ಬದ ಮೇಲೆ ಮುಂದಿನ ಚಕ್ರ ಬಂದರೆ ಹ್ಯಾಂಡಲ್ ಹೇಳಿದಂತೆ ಕೇಳುತ್ತದೆ. ಆದ್ದರಿಂದ ಹಿಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ಹೆಚ್ಚುಕಡಿಮೆ ಜೀಪಿನಷ್ಟೇ, 48 ಇಂಚಿನ ಸುಮಾರಿಗೆ ಇಟ್ಟೆ. ಅರೇಬಿಕಾ ಕಾಫಿಯ ಒತ್ತಾದ ಸಾಲುಗಳ ನಡುವೆ ಗಾಡಿ ಹೋಗುವುದಿಲ್ಲ, ಅಂತರ ಹೆಚ್ಚಿರುವ ರೊಬಸ್ಟಾದಲ್ಲಿ ಹೋಗುತ್ತದೆ. ಅಗಲ ಹೆಚ್ಚಿದಷ್ಟು ಮಗುಚುವ ಭಯವೂ ಇಳಿಯಿತು.

ಓಡಿಸುವ ಕ್ರಮ ಬೈಕಿನದಲ್ಲ. ಒಂದೇ ಆಕ್ಸಲಿನ ಗಾಡಿ ಹ್ಯಾಂಡಲ್ ತಿರುಗಿಸಿದ ಮಾತ್ರಕ್ಕೆ ತಿರುಗದು. ಹೊರಪಕ್ಕದ ಕಾಲಿನ ಮೇಲೆ ಭಾರ ಹಾಕಿ ಒಳಚಕ್ರವನ್ನು ಹಗುರ ಮಾಡಬೇಕು, ಮೈಯನ್ನು ಮಾತ್ರ ಒಳಕ್ಕೆ ಬಾಗಿಸಬೇಕು. ಕೆಸರಿನಲ್ಲಿ ಒಳಚಕ್ರ ತಾನೇ ಜಾರಿಕೊಳ್ಳುವುದರಿಂದ ತಿರುವು ಸಲೀಸು. ಅದೇ ಗಾಡಿ ಕಣದ ಸಿಮೆಂಟಿನ ಮೇಲೆ ಹಠ ಹಿಡಿಯುತ್ತದೆ. ಏನೇ ಆದರೂ ಕಾಲು ಕೆಳಗೆ ಇಡಬಾರದು. ಬೈಕಿನ ಅಭ್ಯಾಸದವರು ಜಾರಿದೊಡನೆ ಕಾಲು ಊರುತ್ತಾರೆ, ಹಿಂದಿನ ಚಕ್ರ ಆ ಕಾಲಿನ ಮೇಲೆಯೇ ಹತ್ತುತ್ತದೆ. ಹಿಮದ ಮೇಲೆ ವೇಗ ಬಿಡದೆ ತೇಲಿಸಿಕೊಂಡು ಹೋಗಬೇಕು, ಭಾರವನ್ನು ಹಿಂದಕ್ಕೆ ಹಾಕಿ ಮುಂದಿನ ಚಕ್ರವನ್ನು ಎತ್ತರದಲ್ಲಿಡಬೇಕು. ಜೇಡಿಯಲ್ಲಿ ಈ ಪಾಠ ನಡೆಯದು. ಚಕ್ರ ಒಮ್ಮೆ ನಿಂತಲ್ಲೇ ಸುತ್ತಿದರೆ ಮಣ್ಣು ನುಣ್ಣಗಾಗಿ ಮತ್ತೆ ಹಿಡಿತ ಸಿಗುವುದಿಲ್ಲ, ಆದ್ದರಿಂದ ನಿಧಾನವೇ ಸರಿ. ಏರಿನಲ್ಲಿ ಎದೆಯನ್ನು ಹ್ಯಾಂಡಲಿನ ಮೇಲೆ ತರಬೇಕು, ಹೊರೆ ಯಾವಾಗಲೂ ಹಿಂದಿನ ಆಕ್ಸಲಿಗಿಂತ ಮುಂದೆ ಮತ್ತು ತಗ್ಗಿನಲ್ಲಿರಬೇಕು. ಧೋ ಎಂದು ಸುರಿಯುವ ದಿನ ಸುಲಭ, ಮಣ್ಣು ತೊಳೆದುಹೋಗುತ್ತದೆ. ಮಳೆ ನಿಂತು ಎರಡು ದಿನವಾದಾಗಿನ ಅಂಟು ಮಣ್ಣೇ ಗಾಡಿಯನ್ನು ಕಾಡುವುದು.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ 100 ಲೀಟರ್ ನೀರಿಗೆ ಒಂದೊಂದು ಕೆ.ಜಿ. ಮೈಲುತುತ್ತ, ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅರ್ಧ ತುಂಬಿದ ಡ್ರಮ್ಮನ್ನು ಅಡ್ಡ ಇಳಿಜಾರಿನಲ್ಲಿ ಒಯ್ದರೆ ದ್ರಾವಣ ಒಂದು ಪಕ್ಕಕ್ಕೆ ಬಡಿದು ಗಾಡಿಯನ್ನು ಎಳೆಯುತ್ತದೆ. ಮುಚ್ಚಳದವರೆಗೆ ತುಂಬಿದ 20 ಲೀಟರಿನ ಕ್ಯಾನುಗಳೇ ಮೇಲು.

ಹಿಮದ ನಾಡಿನಲ್ಲಿ ಕೆಲವರು ಮುಂದಿನ ಚಕ್ರ ತೆಗೆದು ಸ್ಕೀ ಹಲಗೆ ಹಾಕುತ್ತಾರೆ. ನಾಟಿಗೆ ಮುನ್ನ ಉತ್ತ ಗದ್ದೆಯಲ್ಲಿ ಹಲಸಿನ ಹಲಗೆಯೊಂದನ್ನು ಹಾಗೆಯೇ ಕಟ್ಟಿ ನೋಡಿದೆ. ನೇರಕ್ಕೆ ಬಹಳ ಚೆನ್ನಾಗಿ ಜಾರಿತು, ತಿರುಗಿಸಿದರೆ ಮಾತ್ರ ಕೇಳಲಿಲ್ಲ. ಏರಿಯನ್ನು ಮುರಿದು ಪಕ್ಕದ ಗದ್ದೆಗೆ ನೀರು ಬಿಟ್ಟ ಮೇಲೆ ಪ್ರಯೋಗ ಮುಗಿಯಿತು. ಪಾಚಿ ಹಿಡಿದ ಕಲ್ಲುದಾರಿಗೆ ಟೈರಿನ ಮೇಲೆ ತೆಂಗಿನ ನಾರಿನ ಹಗ್ಗ ಸುತ್ತಿದ್ದು ಇದಕ್ಕಿಂತ ಉಪಯುಕ್ತವಾಯಿತು. ಸರಪಳಿ ಜಾರುವ ಕಡೆ ನಾರು ಕಚ್ಚುತ್ತದೆ, ಒಂದೆರಡು ವಾರಕ್ಕೆ ಸವೆಯುತ್ತದೆ, ಹೊಸದಕ್ಕೆ ಹೆಚ್ಚು ಖರ್ಚಿಲ್ಲ. ಗಂಟು ಹಾಕುವ ಜಾಗದಲ್ಲಿ ಒಂದು ಗುಟ್ಟಿದೆ, ಬಂದು ನೋಡಿದವರಿಗೆ ತಿಳಿಯುತ್ತದೆ.

ವಿಫಲವಾದದ್ದನ್ನೆಲ್ಲ ಸೇರಿಸಿದರೆ ನನ್ನ ಕೈಯಿಂದ 1.8 ಲಕ್ಷದಷ್ಟು ಹೋಗಿದೆ. ಇದೇ ಗಾಡಿಯನ್ನು ಇಂದು ಮತ್ತೆ ಕಟ್ಟಿದರೆ 1.1 ಲಕ್ಷಕ್ಕೆ ಮುಗಿಸುತ್ತೇನೆ. ಒಂದು ಮಳೆಗಾಲದ ಸಾಗಾಣಿಕೆಯ ಕೂಲಿಯಲ್ಲಿ 40 ಸಾವಿರದ ಆಸುಪಾಸು ಉಳಿದಿದೆ, ರಸ್ತೆ ದುರಸ್ತಿಗೆ ಜೆಸಿಬಿ ಕರೆಸುವ ಖರ್ಚು ಬೇರೆ. ನೋಂದಣಿಯಿಲ್ಲದ ಗಾಡಿಯಾದ್ದರಿಂದ ಗೇಟಿನಿಂದ ಹೊರಗೆ ಇಳಿಸುವುದಿಲ್ಲ. ಬಾಡಿಗೆಗೆ ಕೇಳಿದ ನೆರೆಯವರಿಗೂ ಇದನ್ನೇ ಹೇಳಿದ್ದೇನೆ. ಅವರಿಗೆ ಈಗ ಬೇರೊಂದನ್ನು ಕಟ್ಟಿಕೊಡುವ ಮಾತಾಗಿದೆ, ಟೈರಿನ ಹಣ ಮುಂಗಡ ಎಂಬ ಷರತ್ತಿನ ಮೇಲೆ. ಅದರಲ್ಲಿ ರಿವರ್ಸ್ ಬೇಕು ಎನ್ನುತ್ತಾರೆ. ನನ್ನದರಲ್ಲಿ ಅದಿಲ್ಲ, ಇಳಿದು ಹಿಂದಕ್ಕೆ ತಳ್ಳುತ್ತೇನೆ. ಕಾರಿನ ಹಳೆಯ ಸ್ಟಾರ್ಟರ್ ಮೋಟಾರನ್ನು ನಡುವಿನ ಶಾಫ್ಟಿಗೆ ಜೋಡಿಸಿ ಹಿಮ್ಮುಖವಾಗಿ ತಿರುಗಿಸಬಹುದೆಂದು ಲೆಕ್ಕ ಹಾಕಿದ್ದೇನೆ. ಲೇಥ್ ಮೇಸ್ತ್ರಿ ಈ ಬಾರಿಯೂ ಆಗದು ಎಂದಿದ್ದಾರೆ, ಆದರೆ ಅಳತೆ ಬರೆದುಕೊಂಡಿದ್ದಾರೆ.