ಗಾಲ್ಫ್ ಹೋಲ್ ಕಷ್ಟವೋ, ಅನ್ಯಾಯವೋ? ಗುರುತಿಸೋದು ಹೇಗೆ

ದೊಡ್ಡ ಟೂರ್ನಿ ನೋಡುವಾಗ ಸ್ಕೋರ್ ಒಂದನ್ನೇ ನಂಬಬೇಡಿ. ಎಲ್ಲರೂ ಬೋಗಿ (ನಿಗದಿಯಾದ ಹೊಡೆತಗಳಿಗಿಂತ, ಅಂದರೆ ಪಾರ್‌ಗಿಂತ, ಒಂದು ಹೆಚ್ಚು) ಮಾಡಿದರು ಅಂದ ಮಾತ್ರಕ್ಕೆ ಹೋಲ್ (ಮೊದಲ ಹೊಡೆತದ ಜಾಗದಿಂದ ಗುಂಡಿವರೆಗಿನ ಆಟದ ಹಾದಿ) ಕೆಟ್ಟದ್ದಲ್ಲ. ನಾನು ಕೇಳಿಕೊಳ್ಳೋದು ಇಷ್ಟೇ: ಒಳ್ಳೆಯ ಹೊಡೆತಕ್ಕೂ ಕೆಟ್ಟ ಹೊಡೆತಕ್ಕೂ ಬೇರೆ ಬೇರೆ ಫಲ ಸಿಗುತ್ತಿದೆಯಾ?

ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಗಾಲ್ಫ್ ಮೈದಾನದ 8ನೇ ಹೋಲ್ ಬರೀ 123 ಗಜ. ಗ್ರೀನ್ (ಗುಂಡಿ ಇರುವ ನುಣುಪಾದ ಹುಲ್ಲಿನ ಜಾಗ) ತೀರಾ ಚಿಕ್ಕದು, ಸುತ್ತ ಆಳದ ಬಂಕರ್‌ಗಳು, ಅಂದರೆ ಮರಳಿನ ಗುಂಡಿಗಳು. ತಪ್ಪಿದರೆ ಕಥೆ ಮುಗೀತು. ಆದರೆ ಸರಿಯಾಗಿ ಹೊಡೆದ ಚೆಂಡು ನಿಲ್ಲುತ್ತದೆ. ನನಗೆ ತುಂಬಾ ಇಷ್ಟದ ಹೋಲ್ ಇದು.

ಈಗ 2004ರ ಯು.ಎಸ್. ಓಪನ್ ನೋಡಿ. ನ್ಯೂಯಾರ್ಕ್ ರಾಜ್ಯದ ಶಿನೆಕಾಕ್ ಹಿಲ್ಸ್ ಮೈದಾನ, 7ನೇ ಹೋಲ್, ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು). ಅದರ ಗ್ರೀನ್ ಮುಂದಿನ ಬಲಗಡೆಯಿಂದ ಹಿಂದಿನ ಎಡಗಡೆಗೆ ಇಳಿಜಾರು. ಕೊನೆಯ ದಿನ ಗಾಳಿಗೆ ಅದು ಒಣಗಿ ಗಟ್ಟಿಯಾಗಿತ್ತು. ಮೆಲ್ಲಗೆ ತಟ್ಟಿದ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಕೂಡ ನಿಲ್ಲದೆ ಉರುಳಿಕೊಂಡು ಹೊರಗೆ ಹೋಗುತ್ತಿತ್ತು. ಆಟದ ನಡುವೆಯೇ ನೀರು ಹಾಕಬೇಕಾಯಿತು. ಅಂದರೆ ಮೊದಲು ಬಂದವರಿಗೆ ಒಣ ಗ್ರೀನ್, ಆಮೇಲೆ ಬಂದವರಿಗೆ ಒದ್ದೆ ಗ್ರೀನ್. ಇದು ಅನ್ಯಾಯ ಅಲ್ವಾ? ಆ ದಿನ ಪಾರ್‌ಗಿಂತ ಕಡಿಮೆ ಯಾರೂ ಆಡಲಿಲ್ಲ. ಗೆದ್ದ ರೆಟೀಫ್ ಗೂಸನ್ ಅವರದ್ದೂ 71, ಪಾರ್‌ಗಿಂತ ಒಂದು ಹೆಚ್ಚು. ವಿನ್ಯಾಸದ ತಪ್ಪಲ್ಲ ಇದು, ಆ ದಿನದ ಸಿದ್ಧತೆಯ ತಪ್ಪು.

ಹಾಗಾಗಿ ಕಪ್ (ಚೆಂಡು ಬೀಳಬೇಕಾದ ಗುಂಡಿ) ಹತ್ತಿರ ನಿಧಾನವಾಗುವ ಚೆಂಡನ್ನು ಗಮನಿಸಿ. ನಿಲ್ಲುವ ಹಾಗಿದ್ದ ಚೆಂಡು ಮತ್ತೆ ವೇಗ ಹಿಡಿದರೆ, ಆ ಇಳಿಜಾರಿಗೆ ಗ್ರೀನ್ ಜಾಸ್ತಿ ವೇಗವಾಗಿದೆ ಅಂತ ಅರ್ಥ. ಗಾಳಿ ಎದ್ದರೆ ಇನ್ನೂ ಕಷ್ಟ. ಆಮೇಲೆ ಅದೇ ಹೋಲ್‌ನಲ್ಲಿ ಬೆಳಿಗ್ಗೆ ಆಡಿದವರ ಸ್ಕೋರನ್ನು ಮಧ್ಯಾಹ್ನದವರ ಸ್ಕೋರ್ ಪಕ್ಕ ಇಟ್ಟು ನೋಡಿ.